ಸಾಕೆಟ್ ಹೊಂದಿತು, ಪರದೆ ಬೆಳಗಲಿಲ್ಲ: ಒಂದು ಮದರ್‌ಬೋರ್ಡ್ ಆಯ್ಕೆಯ ಪ್ರಕರಣ

"ಮಾವ, ಪ್ರೊಸೆಸರ್ ಬಂದಾಯ್ತು. ಮದರ್‌ಬೋರ್ಡೂ ನೋಡಿಟ್ಟಿದ್ದೀನಿ. ಒಮ್ಮೆ ನೋಡಿ ಹೇಳ್ತೀರಾ?"

2023ರ ಜೂನ್ ಮೊದಲ ವಾರ ಸಾಗರದಿಂದ ಅಕ್ಕನ ಮಗ ಫೋನ್ ಮಾಡಿ ಕೇಳಿದ. ಪಿಯುಸಿ ಮುಗಿದಿತ್ತು, ಸಿಇಟಿ ಬರೆದಾಗಿತ್ತು. ಮಗನಿಗೆ ಕಂಪ್ಯೂಟರ್ ಕೊಡಿಸುತ್ತೇನೆ ಎಂದು ಭಾವ ಎರಡು ವರ್ಷದ ಹಿಂದೆಯೇ ಮಾತು ಕೊಟ್ಟಿದ್ದರು. ಅಡಿಕೆ ಮಾರಿದ ಹಣದಲ್ಲಿ 65 ಸಾವಿರ ತೆಗೆದಿಟ್ಟಿದ್ದರು. ಮಾನಿಟರ್ ಬೇರೆ, ಅದನ್ನು ಅಕ್ಕ ತನ್ನ ಚೀಟಿ ಹಣದಲ್ಲಿ ಆಗಲೇ ತಂದಿದ್ದಳು. ಅಂದರೆ ಈ ಪೆಟ್ಟಿಗೆಯ ಹಿಂದೆ ಇಡೀ ಮನೆಯ ದುಡ್ಡು ಇತ್ತು. ಒಂದು ವಸ್ತು ತಪ್ಪಿದರೂ ಹುಡುಗನಿಗೆ ಅಪ್ಪನ ಮುಖ ನೋಡುವುದು ಕಷ್ಟ. ಅದಕ್ಕೇ ನಾನು ಈ ಕೆಲಸವನ್ನು ಪೂರ್ತಿ ಗಮನ ಕೊಟ್ಟು ಮಾಡಿದೆ.

ಅವನು ಕಳಿಸಿದ ಪಟ್ಟಿ ನೋಡಿದೆ. ಕೈಗೆ ಬಂದಿದ್ದು ಎಎಂಡಿಯ ರೈಜನ್ 5 5600 ಪ್ರೊಸೆಸರ್. ಕೊಳ್ಳಬೇಕೆಂದುಕೊಂಡಿದ್ದು ಇಂಟೆಲ್‌ನ ಬಿ660 ಚಿಪ್‌ಸೆಟ್ಟಿನ (ಬೋರ್ಡನ್ನು ನಡೆಸುವ ಮುಖ್ಯ ಚಿಪ್), ಡಿಡಿಆರ್4 ಎಂಬ ಬಗೆಯ ರ‍್ಯಾಮಿಗೆ ಜಾಗವಿರುವ ಮದರ್‌ಬೋರ್ಡ್, ಅಂದರೆ ಎಲ್ಲ ಭಾಗಗಳೂ ಬಂದು ಕೂರುವ ಹಲಗೆ. ಜೊತೆಗೆ ಡಿಡಿಆರ್5 ರ‍್ಯಾಮ್. ಆಮೇಲೆ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್, ಫೈಲುಗಳನ್ನು ಇಡುವ 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಕರೆಂಟ್ ಒದಗಿಸುವ 550 ವ್ಯಾಟ್ ಎಸ್‌ಎಂಪಿಎಸ್, ಗಾಜಿನ ಕ್ಯಾಬಿನೆಟ್. ಒಂದೊಂದೂ ಒಳ್ಳೆಯ ವಸ್ತುವೇ. ಒಂದೊಂದನ್ನೂ ಒಂದೊಂದು ವಿಡಿಯೋದಲ್ಲಿ ಹೊಗಳಿದ್ದರು. ಆದರೆ ಪ್ರೊಸೆಸರ್ ಆ ಬೋರ್ಡಿನಲ್ಲಿ ಕೂರುವುದಿಲ್ಲ. ರ‍್ಯಾಮ್ ಕೂಡ ಕೂರುವುದಿಲ್ಲ. ಮೊದಲ ಸಲ ಪಿಸಿ ಜೋಡಿಸುವವರ ಪಟ್ಟಿ ಹೆಚ್ಚು ಕಡಿಮೆ ಹೀಗೇ ಇರುತ್ತದೆ. ಬುದ್ಧಿ ಕಡಿಮೆಯಾಗಿ ಅಲ್ಲ. ಯಾವುದು ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ, ಯಾವುದು ಯಾವುದಕ್ಕೆ ಹೊಂದುತ್ತದೆ ಅಂತ ಹೇಳುವವರು ಕಡಿಮೆ.

ಸಾಕೆಟ್ಟಿನಿಂದ ಶುರು

ಪ್ರೊಸೆಸರ್ ಕೂರುವ ಚೌಕವೇ ಸಾಕೆಟ್. ರೈಜನ್ 5 5600 ಕೂರುವುದು ಎಎಂ4 ಸಾಕೆಟ್ಟಿನಲ್ಲಿ. ಅದರ ಅಡಿಯಲ್ಲಿ 1331 ಸಣ್ಣ ಪಿನ್ನುಗಳಿವೆ, ಬೋರ್ಡಿನಲ್ಲಿ ಅಷ್ಟೇ ತೂತುಗಳು. ಬಿ660 ಬೋರ್ಡಿನದು ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್. ಅಲ್ಲಿ ಪಿನ್ನುಗಳು ಬೋರ್ಡಿನಲ್ಲೇ ಇರುತ್ತವೆ, ಪ್ರೊಸೆಸರ್ ಅಡಿ ಚಪ್ಪಟೆ. ಬಲವಂತವಾಗಿ ಕೂರಿಸಲು ಹೋದರೆ ಎರಡೂ ಹಾಳು. ಪಿನ್ ಬಾಗಿದರೆ ವಾರಂಟಿಯೂ ಸಿಗುವುದಿಲ್ಲ.

ರ‍್ಯಾಮಿನ ವಿಷಯಕ್ಕೆ ಅವನು, "5 ಅಂದ್ರೆ 4ಕ್ಕಿಂತ ಹೊಸದು, ಅದೇ ಒಳ್ಳೇದು ಅಲ್ವಾ ಮಾವ?" ಅಂದ. ನ್ಯಾಯವಾದ ಪ್ರಶ್ನೆ. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್ನೇ. ಉದ್ದವೂ ಒಂದೇ. ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ, ಹಾಗಾಗಿ ಒಂದರ ಜಾಗಕ್ಕೆ ಇನ್ನೊಂದು ಹೋಗುವುದಿಲ್ಲ. ಎಎಂ4 ಪ್ರೊಸೆಸರಿಗೆ ಡಿಡಿಆರ್4 ಮಾತ್ರ. 2022ರಲ್ಲಿ ಬಂದ ಎಎಂ5 ಸಾಕೆಟ್ಟಿಗೆ ಡಿಡಿಆರ್5 ಮಾತ್ರ. ಇಂಟೆಲ್‌ನ 1700 ಸಾಕೆಟ್ಟಿನಲ್ಲಿ ಎರಡು ಬಗೆಯ ಬೋರ್ಡುಗಳೂ ಇವೆ, ಆದರೆ ಸಾಮಾನ್ಯವಾಗಿ ಒಂದು ಬೋರ್ಡಿಗೆ ಯಾವುದೋ ಒಂದೇ.

ಪ್ರೊಸೆಸರ್ ವಾಪಸ್ ಕೊಟ್ಟು ಎಎಂ5ಗೇ ಹೋಗೋಣವಾ ಎಂಬ ಮಾತೂ ಬಂತು. ಲೆಕ್ಕ ಹಾಕಿದೆ. ಪ್ರೊಸೆಸರ್, ಬೋರ್ಡ್, ರ‍್ಯಾಮ್ ಮೂರೂ ಸೇರಿ ಆಗ ಸುಮಾರು 16ರಿಂದ 18 ಸಾವಿರ ಜಾಸ್ತಿ ಬೀಳುತ್ತಿತ್ತು. ಆ ಹಣ ಎಲ್ಲಿಂದ ಬರಬೇಕು? ಗ್ರಾಫಿಕ್ಸ್ ಕಾರ್ಡಿನಿಂದಲೇ ಕಿತ್ತುಕೊಳ್ಳಬೇಕು. ಗೇಮ್ ಆಡುವ ಪಿಸಿಯಲ್ಲಿ ಹಾಗೆ ಮಾಡುವುದು ತಪ್ಪು ಎಂದು ನನಗೆ ಖಚಿತವಾಗಿ ಅನ್ನಿಸಿತು. ಎಎಂ4ನಲ್ಲೇ ಉಳಿದೆವು.

ಹುಡುಗ ಎಲ್ಲಿ ಕೂತು ಆಡುತ್ತಾನೆ?

ಬೋರ್ಡಿನ ಹೆಸರು ಹೇಳುವ ಮೊದಲು ನಾನು ಬೇರೆ ಪ್ರಶ್ನೆಗಳನ್ನು ಕೇಳಿದೆ. ಯಾವ ಗೇಮ್? ವ್ಯಾಲರಂಟ್, ಜಿಟಿಎ 5, ಫೋರ್ಜಾ. ಮಾನಿಟರ್ ಯಾವುದು? 1080ಪಿ, 144 ಹರ್ಟ್ಸ್. ಪಿಸಿ ಎಲ್ಲಿಡುತ್ತೀಯ? ಮಹಡಿ ಮೇಲಿನ ಕೋಣೆಯಲ್ಲಿ. ಇಂಟರ್ನೆಟ್ ಪೆಟ್ಟಿಗೆ? ಕೆಳಗೆ ಜಗಲಿಯಲ್ಲಿ. ಮಧ್ಯೆ ದಪ್ಪ ಮಣ್ಣಿನ ಗೋಡೆ, ಹಳೆಯ ಮನೆ. ತಂತಿ ಎಳೆಯಲು ಭಾವ ಒಪ್ಪಲಿಲ್ಲ, ಮರದ ಮಾಳಿಗೆಗೆ ತೂತು ಕೊರೆಯಬೇಕಾಗುತ್ತದೆ. ಅಲ್ಲಿಗೆ ವೈಫೈ ಇರುವ ಬೋರ್ಡೇ ಬೇಕು ಎಂದು ತೀರ್ಮಾನವಾಯಿತು. ಸಣ್ಣ ಯುಎಸ್‌ಬಿ ವೈಫೈ ಕಡ್ಡಿ ಸಾಕಲ್ವಾ ಅಂದ. ಸಾಕು ಅನ್ನಬಹುದಿತ್ತು. ಆದರೆ ಗೋಡೆ ದಪ್ಪ ಇದ್ದಾಗ ಹೊರಗೆ ಎರಡು ಆಂಟೆನಾ ಇರುವುದಕ್ಕೂ ಹೆಬ್ಬೆರಳಿನಷ್ಟು ಕಡ್ಡಿಗೂ ವ್ಯತ್ಯಾಸ ಇದ್ದೇ ಇರುತ್ತದೆ.

ಎಎಂ4ನಲ್ಲಿ ನಮ್ಮ ಬಜೆಟ್ಟಿಗೆ ಸಿಗುತ್ತಿದ್ದದ್ದು ಮೂರು ಚಿಪ್‌ಸೆಟ್: ಎ520, ಬಿ450, ಬಿ550. ಮೂರರಲ್ಲೂ 5600 ಕೂರುತ್ತದೆ. ಅಂಗಡಿಯವರು ಹೇಳುವುದೂ ಅಷ್ಟೇ, "ಯಾವುದಾದ್ರೂ ತಗೊಳಿ ಸರ್, ಎಲ್ಲ ಒಂದೇ." ಒಂದೇ ಅಲ್ಲ. ಇಲ್ಲಿ ಗ್ರಾಫಿಕ್ಸ್ ಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡು ಬೋರ್ಡ್ ಆರಿಸಬೇಕು.

ಆರ್‌ಎಕ್ಸ್ 6600 ನೋಡಲು ಉದ್ದನೆಯ ಸ್ಲಾಟಿಗೆ ಕೂರುವ ಕಾರ್ಡ್. ಆದರೆ ಒಳಗೆ ಅದು ಬಳಸುವುದು 16 ಲೇನ್ ಅಲ್ಲ, 8 ಲೇನ್ ಮಾತ್ರ. ಲೇನ್ ಅಂದರೆ ಕಾರ್ಡಿಗೂ ಪ್ರೊಸೆಸರಿಗೂ ನಡುವಿನ ದಾರಿಗಳು. ಆ ದಾರಿಯ ಹೆಸರು ಪಿಸಿಐಇ, ಅದರ 4.0 ಆವೃತ್ತಿ ಆದರೆ 8 ದಾರಿಯಲ್ಲಿ ಒಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 16 ಜಿಬಿ ಹೋಗುತ್ತದೆ. 3.0 ಆದರೆ ಅದರ ಅರ್ಧ, ಸುಮಾರು 8 ಜಿಬಿ. ಎ520, ಬಿ450 ಎರಡೂ 3.0ಕ್ಕೇ ನಿಲ್ಲುತ್ತವೆ. ಬಿ550 ಮಾತ್ರ 4.0 ಕೊಡುತ್ತದೆ. ದೊಡ್ಡ ಕಾರ್ಡಿಗೆ 16 ಲೇನ್ ಇರುವುದರಿಂದ 3.0 ಇದ್ದರೂ ಅಷ್ಟು ತೊಂದರೆ ಇಲ್ಲ. ಸಣ್ಣ ಕಾರ್ಡಿಗೇ ಇದು ಜಾಸ್ತಿ ಮುಖ್ಯ. ಇದೊಂದು ಉಲ್ಟಾ ಲೆಕ್ಕ, ಬಹಳ ಜನಕ್ಕೆ ಗೊತ್ತಿರುವುದಿಲ್ಲ. 6600ರಲ್ಲಿ ಹೆಚ್ಚಿನ ಗೇಮ್‌ಗಳಲ್ಲಿ ವ್ಯತ್ಯಾಸ ಸಣ್ಣದೇ. ಕಾರ್ಡಿನ 8 ಜಿಬಿ ಮೆಮೊರಿ ತುಂಬಿ, ರ‍್ಯಾಮಿನಿಂದ ಚಿತ್ರಗಳನ್ನು ಎಳೆದುಕೊಳ್ಳುವಾಗ ಅದು ಕಾಣಿಸುತ್ತದೆ. 4 ಲೇನ್ ಮಾತ್ರ ಇರುವ ಆರ್‌ಎಕ್ಸ್ 6500 ಎಕ್ಸ್‌ಟಿ ಆಗಿದ್ದರೆ ನಾನು ಬಿ450ಯ ಹೆಸರನ್ನೇ ಎತ್ತುತ್ತಿರಲಿಲ್ಲ.

ಇಲ್ಲೊಂದು ಮಾತು ಸೇರಿಸಬೇಕು. ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರ ಓದಿ. 5600 ಮತ್ತು 5600ಜಿ ಒಂದೇ ಅಲ್ಲ. ಜಿ ಇದ್ದರೆ ಒಳಗೇ ಗ್ರಾಫಿಕ್ಸ್ ಇರುತ್ತದೆ, ಆದರೆ ಅದು ಪಿಸಿಐಇ 3.0 ಮಾತ್ರ ಕೊಡುತ್ತದೆ. ಪ್ರೊಸೆಸರಿನೊಳಗಿನ ವೇಗದ ಮೆಮೊರಿಯಾದ ಎಲ್3 ಕ್ಯಾಶ್ ಕೂಡ 32 ಎಂಬಿ ಬದಲು 16 ಎಂಬಿ. 5600ಜಿ ಹಾಕಿ ಬಿ550 ಬೋರ್ಡ್ ಕೊಂಡರೆ 4.0 ಕಾರ್ಡಿಗೆ ಆ ದಾರಿ ತೆರೆಯುವುದೇ ಇಲ್ಲ.

ಬಿ450ಗೂ ಬಿ550ಗೂ ಬೆಲೆಯಲ್ಲಿ ನಮಗೆ ಕಂಡ ವ್ಯತ್ಯಾಸ ಸುಮಾರು 4 ಸಾವಿರ. ಅದರಲ್ಲಿ ವೈಫೈ ಕೂಡ ಬರುತ್ತಿತ್ತು. ಅಲ್ಲಿಗೆ ಬಿ550 ಎಂದು ಗಟ್ಟಿಯಾಯಿತು.

ಬಯೋಸ್ ಎಂಬ ಕಾಣದ ಹೊಂದಾಣಿಕೆ

ಸಾಕೆಟ್ ಹೊಂದಿದರೆ ಸಾಲದು, ಬೋರ್ಡಿನೊಳಗಿನ ಬಯೋಸ್‌ಗೆ, ಅಂದರೆ ಪಿಸಿ ಆನ್ ಆದಾಗ ಮೊದಲು ಓಡುವ ಪುಟ್ಟ ತಂತ್ರಾಂಶಕ್ಕೆ, ಆ ಪ್ರೊಸೆಸರ್ ಪರಿಚಯ ಇರಬೇಕು. ಎಎಂ4ನ ಇತಿಹಾಸ ಗೊತ್ತಿದ್ದರೆ ಇದು ಅರ್ಥವಾಗುತ್ತದೆ. 2017ರಲ್ಲಿ ಮೊದಲ ರೈಜನ್ ಬಂದಾಗ ಇದ್ದ ಸಾಕೆಟ್ಟೇ 2022ರ 5600ಕ್ಕೂ ಇದೆ. ಇಷ್ಟು ವರ್ಷ ಒಂದೇ ಸಾಕೆಟ್ ಉಳಿಸಿಕೊಂಡದ್ದು ಬಡವರ ಪಾಲಿಗೆ ದೊಡ್ಡ ಉಪಕಾರ. ಆದರೆ ತೊಂದರೆಯೂ ಅಲ್ಲೇ ಇದೆ. 2020ರ ಮೇ ತಿಂಗಳಲ್ಲಿ ಎಎಂಡಿ ಮುಂದಿನ ಪ್ರೊಸೆಸರುಗಳು 500 ಸರಣಿಯ (ಬಿ550 ತರಹದ) ಬೋರ್ಡಿಗೆ ಮಾತ್ರ ಎಂದು ಹೇಳಿತು. ಬಿ450 ಕೊಂಡವರು ಸಿಟ್ಟಾದರು. ಅದೇ ತಿಂಗಳು ಕಂಪನಿ ಮಾತು ಬದಲಿಸಿ ಬಿ450ಗೂ ಬಯೋಸ್ ಕೊಡುತ್ತೇವೆ ಎಂದಿತು. ಹಾಗಾಗಿ ಇವತ್ತು 5600 ಬಿ450ಯಲ್ಲಿ ನಡೆಯುತ್ತದೆ, ಹೊಸ ಬಯೋಸ್ ಹಾಕಿದ್ದರೆ.

ಬಿ550ಗೂ ಇದರಿಂದ ಪೂರ್ತಿ ಬಿಡುಗಡೆ ಇಲ್ಲ. ಬಿ550 ಅಂಗಡಿಗೆ ಬಂದದ್ದು 2020ರ ಜೂನ್. ನಮ್ಮ 5600 ಸೇರಿದ ರೈಜನ್ 5000 ಸರಣಿ ಬಂದದ್ದು ಅದೇ ವರ್ಷ ನವೆಂಬರ್. ಆ ನಡುವೆ ಕಾರ್ಖಾನೆಯಿಂದ ಹೊರಟ ಬೋರ್ಡುಗಳಲ್ಲಿ ಹಳೆಯ ಬಯೋಸೇ ಇರಬಹುದು. ಹಾಗಾಗಿ ನಾನು ಒಂದು ಶರತ್ತು ಹಾಕಿದೆ: ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯೋಸ್ ಹಾಕುವ ಗುಂಡಿ ಬೋರ್ಡಿನಲ್ಲಿ ಇರಲೇಬೇಕು. ಏಸುಸ್ ಅದನ್ನು ಬಯೋಸ್ ಫ್ಲ್ಯಾಶ್‌ಬ್ಯಾಕ್ ಅನ್ನುತ್ತದೆ, ಗಿಗಾಬೈಟ್ ಕ್ಯೂ-ಫ್ಲ್ಯಾಶ್ ಪ್ಲಸ್ ಅನ್ನುತ್ತದೆ, ಎಂಎಸ್‌ಐ ಫ್ಲ್ಯಾಶ್ ಬಯೋಸ್ ಬಟನ್ ಅನ್ನುತ್ತದೆ. ಕೆಲಸ ಒಂದೇ.

ಉಳಿದದ್ದು ಬೇಗ ಮುಗಿಯಿತು. ಮೈಕ್ರೋ ಎಟಿಎಕ್ಸ್ ಅಳತೆ, ಅಂದರೆ 244 ಮಿ.ಮೀ. ಚೌಕ. ದೊಡ್ಡ ಕ್ಯಾಬಿನೆಟ್ಟಿನಲ್ಲಿ ಸಣ್ಣ ಬೋರ್ಡ್ ಕೂರುತ್ತದೆ, ಸಣ್ಣದರಲ್ಲಿ ದೊಡ್ಡದು ಕೂರುವುದಿಲ್ಲ. ನಾಲ್ಕು ರ‍್ಯಾಮ್ ಸ್ಲಾಟ್, ಮುಂದೆ ಇನ್ನೆರಡು ಕಡ್ಡಿ ಹಾಕಬಹುದು. ಪ್ರೊಸೆಸರಿಗೆ ಕರೆಂಟ್ ಹದಮಾಡಿ ಕೊಡುವ ಭಾಗದ ಮೇಲೆ ಲೋಹದ ಹೀಟ್‌ಸಿಂಕ್ ಇರಬೇಕು. 65 ವ್ಯಾಟ್‌ನ 5600ಕ್ಕೆ ಅದು ಅಷ್ಟು ಬೇಕಿಲ್ಲ. ಆದರೆ ಇದೇ ಸಾಕೆಟ್ಟಿಗೆ 5800ಎಕ್ಸ್3ಡಿ ಎಂಬ 105 ವ್ಯಾಟ್‌ನ ಪ್ರೊಸೆಸರ್ ಇದೆ. ಮುಂದೊಂದು ದಿನ ಹುಡುಗ ಅದನ್ನು ಹಾಕುವ ಮನಸ್ಸು ಮಾಡಿದರೆ ಬೋರ್ಡ್ ಬಿಸಿಯಾಗಿ ಸೋಲಬಾರದು.

ಬೋರ್ಡ್ 11 ಸಾವಿರಕ್ಕೆ ಸಿಕ್ಕಿತು. ಎಲ್ಲ ಸೇರಿ 62 ಸಾವಿರ ಚಿಲ್ಲರೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ನಾನೇ ತಂದು ಕಳಿಸುತ್ತೇನೆ ಅಂದಿದ್ದೆ. ಭಾವನಿಗೆ ಹತ್ತಿರದ ಅಂಗಡಿಯೇ ಬೇಕಿತ್ತು. "ಏನಾದ್ರೂ ಆದ್ರೆ ಹೋಗಿ ಕೇಳೋಕೆ ಒಂದು ಮುಖ ಇರ್ಬೇಕು" ಅಂದರು. ಅದೂ ಸರಿಯಾದ ಮಾತೇ. ಜಿಎಸ್‌ಟಿ ಬಿಲ್ ತಪ್ಪದೆ ತೆಗೆದುಕೊಳ್ಳಿ ಎಂದಷ್ಟೇ ಹೇಳಿದೆ.

ಜೋಡಿಸಿದ ದಿನ

ಜುಲೈ ಮಧ್ಯದ ಒಂದು ಶನಿವಾರ ನಾನು ಸಾಗರಕ್ಕೆ ಹೋದೆ. ಮಳೆ ಬಿಡದೆ ಹೊಯ್ಯುತ್ತಿತ್ತು. ಊಟದ ಮೇಜಿನ ಮೇಲೆ ಹಳೆಯ ಪಂಚೆ ಹಾಸಿ ಎಲ್ಲ ಪೆಟ್ಟಿಗೆ ಬಿಚ್ಚಿದೆವು. ನಾನು ಕೈ ಹಾಕಲಿಲ್ಲ, ಬಾಯಲ್ಲಿ ಹೇಳಿದೆ, ಹುಡುಗನೇ ಜೋಡಿಸಿದ. ಚಿನ್ನದ ಬಣ್ಣದ ತ್ರಿಕೋನ ನೋಡಿ ಪ್ರೊಸೆಸರ್ ಇಟ್ಟ. ಒತ್ತಲಿಲ್ಲ, ತಾನಾಗಿಯೇ ಇಳಿಯಿತು. ರ‍್ಯಾಮಿನ ಎರಡು ಕಡ್ಡಿಗಳನ್ನು ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿದ. ಕ್ಯಾಬಿನೆಟ್ಟಿನಲ್ಲಿ ನಮ್ಮ ಬೋರ್ಡಿಗೆ ಬೇಡದ ಜಾಗದಲ್ಲಿ ಒಂದು ಹಿತ್ತಾಳೆಯ ಕಂಬ ಇತ್ತು. ಅದನ್ನು ಬಿಚ್ಚಿ ತೆಗೆಸಿದೆ. ಬೋರ್ಡಿನ ಬೆನ್ನಿಗೆ ಅದು ತಾಗಿದರೆ ಶಾರ್ಟ್ ಆಗಬಹುದು.

ಸಂಜೆ ಐದಕ್ಕೆ ಸ್ವಿಚ್ ಒತ್ತಿದೆವು. ಫ್ಯಾನ್ ತಿರುಗಿತು. ಬಣ್ಣದ ದೀಪ ಹತ್ತಿತು. ಪರದೆ ಕಪ್ಪಾಗಿಯೇ ಇತ್ತು.

ಅಕ್ಕ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಳು. ಭಾವ ಏನೂ ಕೇಳಲಿಲ್ಲ. ಹುಡುಗನ ಮುಖ ನೋಡಲು ಆಗಲಿಲ್ಲ.

ಮೊದಲು ಕೇಬಲ್ ನೋಡಿದೆವು. ಮಾನಿಟರಿನ ಎಚ್‌ಡಿಎಂಐ ತಂತಿ ಬೋರ್ಡಿನ ಹಿಂಭಾಗಕ್ಕೆ ಹೋಗಿತ್ತು. 5600ರ ಒಳಗೆ ಗ್ರಾಫಿಕ್ಸ್ ಇಲ್ಲ, ಹಾಗಾಗಿ ಬೋರ್ಡಿನ ಎಚ್‌ಡಿಎಂಐ ಇದ್ದೂ ಇಲ್ಲದ ಹಾಗೆ. ತಂತಿಯನ್ನು ಕಾರ್ಡಿಗೆ ಹಾಕಿದೆವು. ಆಗಲೂ ಕಪ್ಪು. ರ‍್ಯಾಮ್ ತೆಗೆದು ಒಂದೇ ಕಡ್ಡಿ ಹಾಕಿ ನೋಡಿದೆವು. ಪ್ರೊಸೆಸರಿಗೆ ಹೋಗುವ 8 ಪಿನ್ನಿನ ತಂತಿ ಗಟ್ಟಿಯಾಗಿ ಕೂತಿದೆಯಾ ನೋಡಿದೆವು. ಕೂತಿತ್ತು. ಆಮೇಲೆ ಬೋರ್ಡಿನ ಮೂಲೆಯ ನಾಲ್ಕು ಪುಟ್ಟ ದೀಪಗಳನ್ನು ತೋರಿಸಿದೆ. ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಬರೆದಿರುತ್ತದೆ. ಎಲ್ಲಿ ನಿಂತಿದೆಯೋ ಅಲ್ಲಿನ ದೀಪ ಹತ್ತಿರುತ್ತದೆ. ನಮ್ಮದರಲ್ಲಿ ಸಿಪಿಯು ದೀಪ ಹತ್ತಿತ್ತು.

ಬೋರ್ಡಿನ ರಟ್ಟಿನ ಪೆಟ್ಟಿಗೆ ತರಿಸಿದೆ. ಮೇಲೆ ಮೂರನೇ ಪೀಳಿಗೆಯ ರೈಜನ್‌ಗೆ (ಅಂದರೆ 5000ಕ್ಕಿಂತ ಹಳೆಯ 3000 ಸರಣಿಗೆ) ಸಿದ್ಧ ಎಂದು ಅಚ್ಚಾಗಿತ್ತು. ರೈಜನ್ 5000ಕ್ಕೆ ಸಿದ್ಧ ಎಂಬ ಚೀಟಿ ಎಲ್ಲೂ ಇರಲಿಲ್ಲ. ಅಂಗಡಿಯ ಕಪಾಟಿನಲ್ಲಿ ಸುಮಾರು ಮೂರು ವರ್ಷ ಕೂತಿದ್ದ ಬೋರ್ಡ್ ಅದು, ಒಳಗಿನ ಬಯೋಸೂ ಹಳೆಯದೇ. ಅಂಗಡಿಯವರು ಮೋಸ ಮಾಡಿದರು ಎಂದು ನಾನು ಹೇಳುವುದಿಲ್ಲ. ಬೋರ್ಡ್ ಹೊಸದೇ, ಸೀಲ್ ಒಡೆದಿರಲಿಲ್ಲ. ಆದರೆ ಯಾವ ಪ್ರೊಸೆಸರಿಗೆ ಎಂದು ಭಾವ ಹೇಳಿಯೇ ಕೊಂಡಿದ್ದರು. ಪೆಟ್ಟಿಗೆ ತಿರುಗಿಸಿ ನೋಡುವುದು ಮಾರುವವರ ಕೆಲಸವಾಗಿತ್ತು. ಹಣ ಕೊಡುವ ಮುಂಚೆ ಪೆಟ್ಟಿಗೆಯ ಫೋಟೋ ಕಳಿಸಿ ಎಂದು ಹೇಳುವುದು ನನ್ನ ಕೆಲಸವಾಗಿತ್ತು. ಅದನ್ನು ನಾನು ಮರೆತಿದ್ದೆ.

ಬಯೋಸ್ ಫೈಲನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಕಂಪನಿಯ ಪುಟದಿಂದ ಇಳಿಸಿಕೊಂಡೆ. ಬೋರ್ಡಿನ ಪೂರ್ತಿ ಹೆಸರು ಅಕ್ಷರ ಅಕ್ಷರ ಹೊಂದಬೇಕು. ವೈಫೈ ಇರುವುದಕ್ಕೂ ಇಲ್ಲದ್ದಕ್ಕೂ ಬೇರೆ ಬೇರೆ ಫೈಲ್ ಇರಬಹುದು. ಆಮೇಲೆ ಪೆನ್‌ಡ್ರೈವ್. ಅದು ಎಫ್‌ಎಟಿ32 ಎಂಬ ಬಗೆಯಲ್ಲಿ ಫಾರ್ಮ್ಯಾಟ್ ಆಗಿರಬೇಕು. ಹುಡುಗನ ಹತ್ತಿರ ಇದ್ದದ್ದು 64 ಜಿಬಿಯದು. 32 ಜಿಬಿಗಿಂತ ದೊಡ್ಡದಕ್ಕೆ ವಿಂಡೋಸ್‌ನ ಫಾರ್ಮ್ಯಾಟ್ ಪಟ್ಟಿಯಲ್ಲಿ ಎಫ್‌ಎಟಿ32 ತೋರಿಸುವುದೇ ಇಲ್ಲ. ಮನೆಯೆಲ್ಲ ಹುಡುಕಿದೆವು. ಕೊನೆಗೆ ಭಾವ ಕೊಡೆ ಹಿಡಿದು ಹೊರಗೆ ಹೋಗಿ ಕಾರಿನಿಂದ ತಮ್ಮ ಯಕ್ಷಗಾನದ ಪೆನ್‌ಡ್ರೈವ್ ತಂದರು. 8 ಜಿಬಿ. ಅದರಲ್ಲಿದ್ದ ಪದಗಳನ್ನೆಲ್ಲ ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡು, ಅದನ್ನು ಫಾರ್ಮ್ಯಾಟ್ ಮಾಡಿ, ಬೋರ್ಡಿನ ಜೊತೆ ಬಂದ ಪುಸ್ತಕದಲ್ಲಿ ಹೇಳಿದ ಹೆಸರು ಕೊಟ್ಟು ಫೈಲ್ ಹಾಕಿದೆ.

ಇನ್ನೊಂದು ಭಯ ಇತ್ತು. ಬಯೋಸ್ ಬರೆಯುವಾಗ ಕರೆಂಟ್ ಹೋಗಬಾರದು. ಮಳೆಗಾಲದ ಸಾಗರದಲ್ಲಿ ಅದನ್ನು ಯಾರು ಗ್ಯಾರಂಟಿ ಕೊಡುತ್ತಾರೆ? ಆ ದಿನ ಮಧ್ಯಾಹ್ನದಿಂದ ಮೂರು ಸಲ ಹೋಗಿತ್ತು. ಈ ಗುಂಡಿ ಇರುವ ಬೋರ್ಡಿನಲ್ಲಿ ಅರ್ಧಕ್ಕೆ ನಿಂತರೂ ಸಾಮಾನ್ಯವಾಗಿ ಮತ್ತೊಮ್ಮೆ ಪ್ರಯತ್ನಿಸಬಹುದು. ಆದರೂ ಹೊಸ ಬೋರ್ಡಿನ ಮೇಲೆ ಆ ಪರೀಕ್ಷೆ ಮಾಡಲು ಮನಸ್ಸು ಬರಲಿಲ್ಲ. ಇಡೀ ಪಿಸಿಯನ್ನು ಎತ್ತಿಕೊಂಡು ಹೋಗಿ ಇನ್ವರ್ಟರ್ ಲೈನಿನ ಪ್ಲಗ್ಗಿಗೆ ಹಾಕಿದೆವು. ಹಿಂದಿನ ಗುರುತು ಮಾಡಿದ ಯುಎಸ್‌ಬಿ ಜಾಗಕ್ಕೆ ಪೆನ್‌ಡ್ರೈವ್ ಸಿಕ್ಕಿಸಿ, ಪಿಸಿ ಆಫ್ ಇರುವಾಗಲೇ ಹುಡುಗ ಗುಂಡಿ ಒತ್ತಿ ಹಿಡಿದ. ದೀಪ ಮಿನುಗತೊಡಗಿತು. ಐದು ನಿಮಿಷದ ಮೇಲೆ ಆಯಿತು. ಯಾರೂ ಮಾತಾಡಲಿಲ್ಲ. ದೀಪ ನಿಂತಿತು.

ಮತ್ತೆ ಸ್ವಿಚ್ ಒತ್ತಿದ. ಪುಟ್ಟ ದೀಪಗಳು ಒಂದೊಂದೇ ಹತ್ತಿ ಆರಿದವು. ಪರದೆಯ ಮೇಲೆ ಕಂಪನಿಯ ಗುರುತು ಬಂತು. ಅಕ್ಕನಿಗೆ ಅದು ಏನೆಂದು ಗೊತ್ತಿಲ್ಲ, ಆದರೂ "ಬಂತು, ಬಂತು" ಎಂದು ಕೂಗಿದಳು.

ಆಮೇಲಿನ ಎರಡು ಕೆಲಸ

ಬಯೋಸ್ ಒಳಗೆ ಹೋದಾಗ ರ‍್ಯಾಮಿನ ವೇಗ 2666 ಎಂದು ತೋರಿಸುತ್ತಿತ್ತು. ಕೊಂಡದ್ದು 3200. ಎಕ್ಸ್‌ಎಂಪಿ ಎಂಬ ಸೆಟ್ಟಿಂಗ್ ಆನ್ ಮಾಡುವ ತನಕ ಅದು ಪೂರ್ತಿ ವೇಗದಲ್ಲಿ ಓಡುವುದಿಲ್ಲ. ವರ್ಷಗಟ್ಟಲೆ ಇದನ್ನು ಆನ್ ಮಾಡದೆಯೇ ಆಡುವವರನ್ನು ನೋಡಿದ್ದೇನೆ, ದುಡ್ಡು ಕೊಟ್ಟ ವೇಗ ಸುಮ್ನೆ ಮಲಗಿರುತ್ತದೆ. ಇನ್ನೊಂದು, ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡಬೇಕಾದರೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ಸೆಟ್ಟಿಂಗ್‌ಗಳೂ ಆನ್ ಇರಬೇಕು, ಇಲ್ಲದಿದ್ದರೆ ಗೇಮ್ ತೆರೆಯುವುದಿಲ್ಲ. ಹೊಸ ಬಯೋಸಿನಲ್ಲಿ ಟಿಪಿಎಂ ಆನ್ ಆಗಿಯೇ ಇತ್ತು, ಸೆಕ್ಯೂರ್ ಬೂಟ್ ನಾವು ಆನ್ ಮಾಡಿದೆವು. ವಿಂಡೋಸ್ ಹಾಕುವ ಮೊದಲೇ ಸಿಎಸ್‌ಎಂ ಎಂಬ ಹಳೆಯ ಬೂಟ್ ವಿಧಾನವನ್ನು ಆಫ್ ಮಾಡಿದರೆ ಇದು ಸಲೀಸು. ಹಾಕಿದ ಮೇಲೆ ಮಾಡಲು ಹೋದರೆ ಕೆಲವೊಮ್ಮೆ ಡಿಸ್ಕಿನ ಬಗೆಯನ್ನೇ ಬದಲಿಸಬೇಕಾಗುತ್ತದೆ.

ಒಂದು ತಪ್ಪು ಹಾಗೇ ಉಳಿದಿದೆ. ಕ್ಯಾಬಿನೆಟ್ಟಿನ ಮುಂದೆ ಟೈಪ್-ಸಿ ಜಾಗ ಇದೆ. ಅದರ ತಂತಿಯನ್ನು ಸಿಕ್ಕಿಸುವ ಜಾಗ ನಮ್ಮ ಬೋರ್ಡಿನಲ್ಲಿ ಇಲ್ಲ. ಕ್ಯಾಬಿನೆಟ್ ಮತ್ತು ಬೋರ್ಡಿನ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಓದಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಆ ತಂತಿಯನ್ನು ಒಳಗೆ ಮಡಿಚಿ ಕಟ್ಟಿದ್ದೇವೆ. ಹುಡುಗ ಬೇಜಾರು ಮಾಡಿಕೊಳ್ಳಲಿಲ್ಲ, ಫೋನನ್ನು ಹಿಂದಿನ ಯುಎಸ್‌ಬಿಗೆ ಹಾಕುತ್ತಾನೆ.

ಯಕ್ಷಗಾನದ ಪದಗಳನ್ನು ಮಾರನೇ ದಿನವೇ ಬೇರೆ ಪೆನ್‌ಡ್ರೈವ್‌ಗೆ ಹಾಕಿ ಭಾವನಿಗೆ ಕೊಟ್ಟೆ. ಆ 8 ಜಿಬಿಯದು ಈಗ ಮದರ್‌ಬೋರ್ಡಿನ ಪೆಟ್ಟಿಗೆಯಲ್ಲಿ, ಬಿಲ್ಲಿನ ಪಕ್ಕದಲ್ಲೇ ಇದೆ.